ನಕಲಿ ಗ್ರಾಹಕ ವಿಮರ್ಶೆ ಮತ್ತು ಭಾರತದ ಕಾನೂನು

ನಕಲಿ ಗ್ರಾಹಕ ವಿಮರ್ಶೆ ಎಂದರೆ ಸರಕನ್ನು ಕೊಳ್ಳದೆ ಅಥವಾ ಸೇವೆಯನ್ನು ಪಡೆಯದೆ, ಕೊಂಡು ಬಳಸಿದವರ ಅನುಭವವೆಂಬಂತೆ ಅಂತರ್ಜಾಲದಲ್ಲಿ ಪ್ರಕಟಿಸುವ ಅಭಿಪ್ರಾಯ ಅಥವಾ ನಕ್ಷತ್ರದ ಅಂಕ. ಹಣ, ಉಡುಗೊರೆ ಇಲ್ಲವೇ ರಿಯಾಯಿತಿ ಪಡೆದು, ಆ ಸಂಗತಿಯನ್ನು ಮರೆಮಾಚಿ ಬರೆದ ಹೊಗಳಿಕೆಯೂ, ಪ್ರತಿಸ್ಪರ್ಧಿಯ ವ್ಯಾಪಾರವನ್ನು ಕೆಡಿಸಲೆಂದು ಬರೆಸಿದ ತೆಗಳಿಕೆಯೂ ಇದೇ ಗುಂಪಿಗೆ ಸೇರುತ್ತವೆ. ಆಡುಮಾತಿನಲ್ಲಿ ಇವನ್ನು ‘ಫೇಕ್ ರಿವ್ಯೂ’ ಎನ್ನಲಾಗುತ್ತದೆ. ಭಾರತದಲ್ಲಿ ಇವುಗಳಿಗೆಂದೇ ರಚಿತವಾದ ಪ್ರತ್ಯೇಕ ಅಧಿನಿಯಮವಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಅದರಡಿ ರಚಿತವಾದ ಇ-ವಾಣಿಜ್ಯ ನಿಯಮಗಳು, 2020, ಜಾಹೀರಾತು ಮಾರ್ಗಸೂಚಿಗಳು, 2022 ಮತ್ತು ಭಾರತೀಯ ಮಾನಕ ಬ್ಯೂರೋದ ಐಎಸ್ 19000:2022 ಎಂಬ ಮಾನಕ ಇವು ನಾಲ್ಕೂ ಸೇರಿ ಈ ಕೆಲಸವನ್ನು ನಿರ್ವಹಿಸುತ್ತವೆ. ಸುಳ್ಳು ವಿಮರ್ಶೆಯನ್ನು ಬರೆದವರು ಯಾರು, ಬರೆಸಿದವರು ಯಾರು, ಅದು ಎಲ್ಲಿ ಪ್ರಕಟವಾಯಿತು ಎಂಬುದನ್ನು ಅವಲಂಬಿಸಿ ಅನ್ವಯಿಸುವ ಕಾನೂನು ಬದಲಾಗುತ್ತದೆ.

ಸ್ವರೂಪ

ಅಂಗಡಿಗೆ ಹೋಗಿ ಕೊಳ್ಳುವವರು ಬೇಳೆಯನ್ನು ಅಂಗೈಯಲ್ಲಿ ಹಿಡಿದು, ಬಟ್ಟೆಯನ್ನು ಮುಟ್ಟಿ ನೋಡಿ ಬೆಲೆ ಕಟ್ಟುತ್ತಾರೆ. ಪರದೆಯ ಮೇಲೆ ಕೊಳ್ಳುವವರಿಗೆ ಆ ಅವಕಾಶವಿಲ್ಲ. ಅದರ ಬದಲಿಗೆ ಅವರಿಗಿರುವುದು ಹಿಂದೆ ಕೊಂಡವರ ಮಾತು ಮಾತ್ರ. ಹೀಗಾಗಿ ನಕ್ಷತ್ರದ ಅಂಕಕ್ಕೆ ನೇರವಾದ ಹಣದ ಬೆಲೆ ಬಂದಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೇಲ್ ಲೂಕಾ ಅವರು ಅಮೆರಿಕದ ಸಿಯಾಟಲ್ ನಗರದ ಉಪಾಹಾರಗೃಹಗಳನ್ನು ಕುರಿತು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೆಲ್ಪ್ ತಾಣದಲ್ಲಿ ಒಂದು ನಕ್ಷತ್ರ ಹೆಚ್ಚಾದರೆ ವರಮಾನವು ಶೇ 5ರಿಂದ 9ರಷ್ಟು ಏರುತ್ತಿತ್ತು.

ನಕಲಿ ವಿಮರ್ಶೆಯನ್ನು ಸಿದ್ಧಪಡಿಸುವ ವಿಧಾನಗಳು ಹಲವು. ಮಾರಾಟಗಾರನೇ ಬೇರೆ ಬೇರೆ ಹೆಸರಿನ ಖಾತೆಗಳನ್ನು ತೆರೆದು ಬರೆಯುವುದು ಅತ್ಯಂತ ಹಳೆಯ ವಿಧಾನ. ಪೊಟ್ಟಣದೊಳಗೆ ಚೀಟಿಯೊಂದನ್ನಿಟ್ಟು, ಐದು ನಕ್ಷತ್ರ ಕೊಟ್ಟು ಅದರ ಚಿತ್ರವನ್ನು ಕಳುಹಿಸಿದರೆ ಹಣ ಮರಳಿಸುವುದಾಗಿ ಆಮಿಷವೊಡ್ಡುವುದು ಭಾರತದ ಗ್ರಾಹಕರಿಗೆ ಹೆಚ್ಚು ಪರಿಚಿತವಾದುದು. ಅಪರಿಚಿತರ ವಿಳಾಸಕ್ಕೆ ಅಗ್ಗದ ವಸ್ತುವನ್ನೋ ಬರಿಯ ಪೊಟ್ಟಣವನ್ನೋ ಕಳುಹಿಸಿ, ಅವರ ಹೆಸರಿನಲ್ಲಿ ‘ದೃಢೀಕೃತ ಖರೀದಿ’ ಎಂಬ ಗುರುತಿನ ವಿಮರ್ಶೆಯನ್ನು ಬರೆಯುವುದನ್ನು ‘ಬ್ರಷಿಂಗ್’ ಎನ್ನುತ್ತಾರೆ. ಒಂದು ವಸ್ತುವಿಗೆ ಬಂದ ಒಳ್ಳೆಯ ವಿಮರ್ಶೆಗಳನ್ನು ಹಾಗೆಯೇ ಉಳಿಸಿಕೊಂಡು ಆ ಪುಟದಲ್ಲಿ ಬೇರೊಂದು ವಸ್ತುವನ್ನು ಮಾರುವುದೂ ಉಂಟು. ಯಾರೂ ಸುಳ್ಳು ಬರೆಯದಿದ್ದರೂ, ಕೆಟ್ಟ ವಿಮರ್ಶೆಗಳನ್ನು ತಡೆಹಿಡಿದು ಒಳ್ಳೆಯವನ್ನಷ್ಟೇ ಪ್ರಕಟಿಸಿದರೆ ಒಟ್ಟು ಚಿತ್ರ ಸುಳ್ಳಾಗುತ್ತದೆ. ಕಾನೂನು ಈ ಕೊನೆಯ ಬಗೆಯನ್ನು ಗಮನಿಸಿದ್ದು ತಡವಾಗಿ.

ಈ ವ್ಯವಸ್ಥೆಯನ್ನು ಎಷ್ಟು ದೂರ ವಂಚಿಸಬಹುದು ಎಂಬುದಕ್ಕೆ ಊಬಾ ಬಟ್ಲರ್ ಎಂಬ ಬ್ರಿಟಿಷ್ ಬರಹಗಾರ 2017ರಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧವಾಗಿದೆ. ಲಂಡನ್ನಿನ ಡಲ್ವಿಚ್‌ನಲ್ಲಿದ್ದ ತನ್ನ ಮನೆಯ ಶೆಡ್ಡನ್ನು ಆತ ಟ್ರಿಪ್‌ಅಡ್ವೈಸರ್ ತಾಣದಲ್ಲಿ ಉಪಾಹಾರಗೃಹವೆಂದು ನಮೂದಿಸಿದ; ಗೆಳೆಯರಿಂದ ಬರೆಸಿದ ಸುಳ್ಳು ವಿಮರ್ಶೆಗಳ ಬಲದಿಂದಲೇ ಅದು ನಗರದ ಉಪಾಹಾರಗೃಹಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿ ಅಡುಗೆಯೇ ಆಗುತ್ತಿರಲಿಲ್ಲ.

ಭಾರತದ ಕಾನೂನಿನ ಹಿನ್ನೆಲೆ

ಕೊಳ್ಳುವವನೇ ಎಚ್ಚರದಿಂದಿರಬೇಕು ಎಂಬ ಹಳೆಯ ತತ್ತ್ವವನ್ನು ಭಾರತೀಯ ಕಾನೂನು ಹಂತಹಂತವಾಗಿ ಸಡಿಲಗೊಳಿಸಿತು. ಏಕಸ್ವಾಮ್ಯ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಕಾಯ್ದೆ, 1969ಕ್ಕೆ 1984ರಲ್ಲಿ ತಿದ್ದುಪಡಿ ತಂದು ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಪರಿಕಲ್ಪನೆಯನ್ನು ಸೇರಿಸಲಾಯಿತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಮುಂದುವರಿಸಿತು. ಆ ಕಾಯ್ದೆ ಬಂದಾಗ ಅಂತರ್ಜಾಲದ ವ್ಯಾಪಾರವೇ ಇರಲಿಲ್ಲ. ಅದರ ಸ್ಥಾನದಲ್ಲಿ 2019ರ ಕಾಯ್ದೆ 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು.

2019ರ ಕಾಯ್ದೆಯಲ್ಲಿ ‘ವಿಮರ್ಶೆ’ಗೆ ಪ್ರತ್ಯೇಕ ವ್ಯಾಖ್ಯೆ ಇಲ್ಲ. ಆದರೆ ಅದರ ಮೂರು ವ್ಯಾಖ್ಯೆಗಳು ನಕಲಿ ವಿಮರ್ಶೆಯನ್ನು ಒಳಗೊಳ್ಳುವಷ್ಟು ವಿಶಾಲವಾಗಿವೆ. ಕಲಂ 2(1)ರ ಪ್ರಕಾರ ಅಂತರ್ಜಾಲ ಅಥವಾ ಜಾಲತಾಣದ ಮೂಲಕ ನೀಡುವ ಯಾವುದೇ ಪ್ರಚಾರ, ನಿರೂಪಣೆ ಅಥವಾ ಅನುಮೋದನೆಯೂ ಜಾಹೀರಾತೇ. ಕಲಂ 2(18)ರ ಪ್ರಕಾರ, ಅದನ್ನು ನೀಡಿದ ವ್ಯಕ್ತಿಯ ಅಭಿಪ್ರಾಯ ಅಥವಾ ಅನುಭವವನ್ನೇ ಪ್ರತಿಬಿಂಬಿಸುತ್ತದೆ ಎಂದು ಗ್ರಾಹಕರು ನಂಬುವಂತೆ ಮಾಡುವ ಸಂದೇಶ ‘ಅನುಮೋದನೆ’ ಎನಿಸುತ್ತದೆ. ಹಣಕ್ಕಾಗಿ ಬರೆದ ವಿಮರ್ಶೆಗೆ ಇದಕ್ಕಿಂತ ಹತ್ತಿರದ ವಿವರಣೆ ಸಿಗುವುದು ಕಷ್ಟ. ಕಲಂ 2(47)ರ ಅನುಚಿತ ವ್ಯಾಪಾರ ಪದ್ಧತಿಯ ವ್ಯಾಖ್ಯೆಯು, ಸರಕಿಗೆ ಇಲ್ಲದ ಗುಣಮಟ್ಟವನ್ನು, ಇಲ್ಲದ ಮನ್ನಣೆಯನ್ನು ಇದೆಯೆಂದು ಬಿಂಬಿಸುವ ಹೇಳಿಕೆಯನ್ನು ಅದು ವಿದ್ಯುನ್ಮಾನ ರೂಪದಲ್ಲಿದ್ದರೂ ಒಳಗೊಂಡಿದೆ.

ಇದೇ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವನ್ನು 2020ರ ಜುಲೈ 24ರಂದು ಸ್ಥಾಪಿಸಲಾಯಿತು. ಒಬ್ಬ ಗ್ರಾಹಕನಿಗೆ ಪರಿಹಾರ ಕೊಡಿಸುವುದು ಅದರ ಕೆಲಸವಲ್ಲ. ಗ್ರಾಹಕರ ಸಮೂಹಕ್ಕೆ ಹಾನಿಯಾಗುವ ಪದ್ಧತಿಗಳನ್ನು ತನಿಖೆ ಮಾಡಿ ನಿಲ್ಲಿಸುವುದು ಅದರ ಹೊಣೆ. ದಿಕ್ಕು ತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ ಅಥವಾ ಅನುಮೋದಕರಿಗೆ ಕಲಂ 21ರಡಿ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಅಧಿಕಾರ ಅದಕ್ಕಿದೆ. ಅನುಮೋದಕರನ್ನು ಒಂದು ವರ್ಷದವರೆಗೆ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಅನುಮೋದನೆ ನೀಡದಂತೆ ನಿಷೇಧಿಸಬಹುದು.

ಇ-ವಾಣಿಜ್ಯ ನಿಯಮಗಳು, 2020

ವಿಮರ್ಶೆ ಎಂಬ ಪದವನ್ನೇ ಬಳಸಿ ನೇರವಾಗಿ ನಿಷೇಧ ಹೇರಿದ್ದು 2020ರ ಜುಲೈ 23ರಂದು ಅಧಿಸೂಚಿತವಾದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು. ಮಾರುಕಟ್ಟೆ ವೇದಿಕೆಯ ಮೂಲಕ ಮಾರುವ ಯಾವ ಮಾರಾಟಗಾರನೂ ತನ್ನನ್ನು ಗ್ರಾಹಕನೆಂದು ಸುಳ್ಳಾಗಿ ಬಿಂಬಿಸಿಕೊಂಡು ಸರಕು ಅಥವಾ ಸೇವೆಯ ಬಗ್ಗೆ ವಿಮರ್ಶೆ ಪ್ರಕಟಿಸಬಾರದು ಎಂದು 6ನೆಯ ನಿಯಮ ಹೇಳುತ್ತದೆ. ಸ್ವಂತ ದಾಸ್ತಾನನ್ನು ಮಾರುವ ಜಾಲತಾಣಗಳಿಗೂ ಇದೇ ನಿಷೇಧವನ್ನು 7ನೆಯ ನಿಯಮ ವಿಧಿಸುತ್ತದೆ. ಸರಕುಗಳನ್ನು ಯಾವ ಮಾನದಂಡದ ಮೇಲೆ ಮೇಲೆ ಕೆಳಗೆ ಜೋಡಿಸಲಾಗುತ್ತದೆ ಎಂಬುದನ್ನು ಮಾರುಕಟ್ಟೆ ವೇದಿಕೆಗಳು ತಿಳಿಸಬೇಕು. ದೂರುಗಳಿಗಾಗಿ ಅಧಿಕಾರಿಯೊಬ್ಬರನ್ನು ನೇಮಿಸಿ, 48 ಗಂಟೆಗಳಲ್ಲಿ ದೂರಿನ ಸ್ವೀಕೃತಿಯನ್ನೂ ಒಂದು ತಿಂಗಳಲ್ಲಿ ಪರಿಹಾರವನ್ನೂ ನೀಡಬೇಕು.

ನಿಯಮದ ಭಾಷೆ ಸ್ಪಷ್ಟವಾಗಿದ್ದರೂ ಅದರ ಬಲೆ ಕಿರಿದು. ನಿಷೇಧ ಇರುವುದು ಮಾರಾಟಗಾರನು ಗ್ರಾಹಕನ ವೇಷ ಹಾಕುವುದಕ್ಕೆ. ಹಣ ಪಡೆದು ಬರೆಯುವ ನಿಜವಾದ ಗ್ರಾಹಕನ ಬಗ್ಗೆಯಾಗಲಿ, ವಿಮರ್ಶೆಗಳನ್ನು ಸಗಟಾಗಿ ಮಾರುವ ದಲ್ಲಾಳಿಯ ಬಗ್ಗೆಯಾಗಲಿ ಅದು ಏನನ್ನೂ ಹೇಳುವುದಿಲ್ಲ. ಪೊಟ್ಟಣದೊಳಗಿನ ಆಮಿಷದ ಚೀಟಿಯನ್ನೇ ತೆಗೆದುಕೊಂಡರೆ, ಅಲ್ಲಿ ಬರೆಯುವವನು ನಿಜಕ್ಕೂ ಗ್ರಾಹಕನೇ. ಆದ್ದರಿಂದ 6ನೆಯ ನಿಯಮದ ಮಾತುಗಳು ಅದಕ್ಕೆ ನೇರವಾಗಿ ತಾಗುವುದಿಲ್ಲ. ಅಂಥ ಸಂದರ್ಭದಲ್ಲಿ ಒದಗುವುದು 2022ರ ಜೂನ್ 9ರಂದು ಪ್ರಕಟವಾದ ದಿಕ್ಕು ತಪ್ಪಿಸುವ ಜಾಹೀರಾತುಗಳ ತಡೆ ಮಾರ್ಗಸೂಚಿಗಳು. ಅನುಮೋದಿಸುವವರಿಗೂ ವ್ಯಾಪಾರಿಗೂ ಇರುವ ಸಂಬಂಧವು ಅನುಮೋದನೆಯ ವಿಶ್ವಾಸಾರ್ಹತೆಯ ಮೇಲೆ ಪರಿಣಾಮ ಬೀರುವಂತಿದ್ದರೆ, ಮತ್ತು ನೋಡುಗರು ಅಂಥ ಸಂಬಂಧವನ್ನು ಊಹಿಸಲಾರದಿದ್ದರೆ, ಅದನ್ನು ಪೂರ್ಣವಾಗಿ ಬಹಿರಂಗಪಡಿಸಬೇಕೆಂದು ಅವು ಹೇಳುತ್ತವೆ. 2023ರ ನವೆಂಬರ್ 30ರಂದು ಹೊರಬಂದ ‘ಡಾರ್ಕ್ ಪ್ಯಾಟರ್ನ್’ ತಡೆ ಮಾರ್ಗಸೂಚಿಗಳು ಪಟ್ಟಿಮಾಡಿದ 13 ಕುಟಿಲ ವಿಧಾನಗಳಲ್ಲಿ, ಬಳಕೆದಾರರೇ ಬರೆದ ಬರಹದಂತೆ ಕಾಣುವ ಮರೆಮಾಚಿದ ಜಾಹೀರಾತೂ ಒಂದು.

ಐಎಸ್ 19000:2022

ಸುಳ್ಳನ್ನು ಬರೆದವರಿಗಿಂತ ಅದನ್ನು ಪ್ರಕಟಿಸುವ ವೇದಿಕೆಯತ್ತ ಗಮನ ಹರಿಸುವ ದಾಖಲೆ ಇದೊಂದೇ. 2018ರ ಐಎಸ್‌ಒ 20488 ಎಂಬ ಅಂತರರಾಷ್ಟ್ರೀಯ ಮಾನಕವು ಈ ಕ್ಷೇತ್ರದಲ್ಲಿ ಮೊದಲೇ ಇತ್ತು. ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ರಚಿಸಿದ ಸಮಿತಿಯ ಕೆಲಸದ ಫಲವಾಗಿ ಭಾರತೀಯ ಮಾನಕ ಬ್ಯೂರೋ ತನ್ನದೇ ಮಾನಕವನ್ನು ರೂಪಿಸಿತು. ಅದು ಅದೇ ವರ್ಷದ ನವೆಂಬರ್ 25ರಿಂದ ಜಾರಿಗೆ ಬಂದಿತು. ವಿಮರ್ಶೆಗಳನ್ನು ಸಂಗ್ರಹಿಸುವುದು, ಪರಿಶೀಲಿಸುವುದು ಮತ್ತು ಪ್ರಕಟಿಸುವುದು ಹೇಗೆ ಎಂಬುದನ್ನು ಅದು ವಿವರಿಸುತ್ತದೆ. ಪ್ರಾಮಾಣಿಕತೆ, ನಿಖರತೆ, ಖಾಸಗಿತನ, ಭದ್ರತೆ, ಪಾರದರ್ಶಕತೆ, ಎಟಕುವಿಕೆ, ಸ್ಪಂದನೆ ಇವು ಅದರ ಮಾರ್ಗದರ್ಶಿ ತತ್ತ್ವಗಳು. ಬರೆದವರು ಯಾರೆಂದು ಇಮೇಲ್, ದೂರವಾಣಿ ಕರೆ, ಕಿರುಸಂದೇಶ ಮೊದಲಾದ ವಿಧಾನಗಳಿಂದ ಖಚಿತಪಡಿಸಿಕೊಳ್ಳಬೇಕು. ಪರಿಶೀಲನೆಯನ್ನು ಯಂತ್ರದಿಂದಲೂ ಮಾಡಬಹುದು, ಸಿಬ್ಬಂದಿಯಿಂದಲೂ ಮಾಡಿಸಬಹುದು. ಹಣ ಕೊಟ್ಟು ಬರೆಸಿದ ವಿಮರ್ಶೆಗಳಿಗೆ ಅದರಲ್ಲಿ ಅವಕಾಶವಿಲ್ಲ.

ಆದರೆ ಈ ಮಾನಕವನ್ನು ಪಾಲಿಸುವುದು ವೇದಿಕೆಗಳ ಸ್ವಇಚ್ಛೆಗೆ ಬಿಟ್ಟದ್ದು. ಪಾಲಿಸದಿದ್ದರೆ ಅದರಡಿ ದಂಡವಿಲ್ಲ. ಈ ಕೊರತೆಯನ್ನು ಇಲಾಖೆಯೂ ಮನಗಂಡಂತಿದೆ: 2024ರ ಮೇ ತಿಂಗಳಲ್ಲಿ ಇ-ವಾಣಿಜ್ಯ ಸಂಸ್ಥೆಗಳ ಪ್ರತಿನಿಧಿಗಳ ಸಭೆ ಕರೆದು, ಗುಣಮಟ್ಟ ನಿಯಂತ್ರಣ ಆದೇಶವೊಂದರ ಮೂಲಕ ಮಾನಕವನ್ನು ಕಡ್ಡಾಯಗೊಳಿಸುವ ಪ್ರಸ್ತಾಪವನ್ನು ಅದು ಮುಂದಿಟ್ಟಿತು.

ಇತರ ದೇಶಗಳಲ್ಲಿ

ಭಾರತ ಸ್ವಇಚ್ಛೆಗೆ ಬಿಟ್ಟಿದ್ದನ್ನು ಬ್ರಿಟನ್ ಕಾನೂನಿನ ಕರ್ತವ್ಯವನ್ನಾಗಿಸಿದೆ. ಅಲ್ಲಿನ ಡಿಜಿಟಲ್ ಮಾರುಕಟ್ಟೆ, ಸ್ಪರ್ಧೆ ಮತ್ತು ಗ್ರಾಹಕರ ಕಾಯ್ದೆ, 2024ರ ಗ್ರಾಹಕ ಭಾಗಗಳು 2025ರ ಏಪ್ರಿಲ್ 6ರಿಂದ ಜಾರಿಯಲ್ಲಿದ್ದು, ನಕಲಿ ವಿಮರ್ಶೆಗಳನ್ನು ತಡೆಯಲು ಸೂಕ್ತ ಕ್ರಮ ಕೈಗೊಳ್ಳದ ವೇದಿಕೆಯೂ ತಪ್ಪಿತಸ್ಥನಾಗುತ್ತದೆ. ದಂಡವು ಸಂಸ್ಥೆಯ ಜಾಗತಿಕ ವಹಿವಾಟಿನ ಶೇ 10ರವರೆಗೆ ಹೋಗಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಅನ್ವಯವಾಗುತ್ತಿರುವ ನಿರ್ದೇಶನದ ಪ್ರಕಾರ, ವಿಮರ್ಶೆಗಳು ನಿಜವಾಗಿಯೂ ಕೊಂಡವರದೇ ಎಂದು ಹೇಗೆ ಖಚಿತಪಡಿಸಿಕೊಳ್ಳಲಾಗಿದೆ ಎಂಬುದನ್ನು ವ್ಯಾಪಾರಿಗಳು ತಿಳಿಸಬೇಕು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ನಿಯಮವು ಅದೇ ವರ್ಷದ ಅಕ್ಟೋಬರ್ 21ರಂದು ಜಾರಿಗೆ ಬಂದಿತು. ವಿಮರ್ಶೆಗಳನ್ನು ಮಾರುವುದು, ಕೊಳ್ಳುವುದು, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ನಕಲಿ ವಿಮರ್ಶೆಗಳನ್ನು ಬಳಸುವುದು, ಬೆದರಿಸಿ ಕೆಟ್ಟ ವಿಮರ್ಶೆ ತೆಗೆಸುವುದು ಎಲ್ಲವನ್ನೂ ಅದು ನಿಷೇಧಿಸುತ್ತದೆ. ಒಳ್ಳೆಯ ವಿಮರ್ಶೆಗಳನ್ನಷ್ಟೇ ತೋರಿಸುವುದೂ ವಂಚನೆಯೇ ಎಂಬ ನಿಲುವನ್ನು ಕಮಿಷನ್ ಮೊದಲೇ ತಳೆದಿತ್ತು: ನಾಲ್ಕಕ್ಕಿಂತ ಕಡಿಮೆ ನಕ್ಷತ್ರದ ವಿಮರ್ಶೆಗಳನ್ನು ಪ್ರಕಟಿಸದೆ ತಡೆಹಿಡಿದ ಆರೋಪದ ಮೇಲೆ ಫ್ಯಾಷನ್ ನೋವಾ ಎಂಬ ಉಡುಪಿನ ಸಂಸ್ಥೆ 2022ರಲ್ಲಿ 42 ಲಕ್ಷ ಡಾಲರ್ ಪಾವತಿಸಲು ಒಪ್ಪಿತು. ವೇದಿಕೆಗಳೇ ನ್ಯಾಯಾಲಯಕ್ಕೆ ಹೋದದ್ದೂ ಇದೆ. ವಿಮರ್ಶೆಗಳನ್ನು ಕೊಳ್ಳುವ ಮಾರುವ ಹತ್ತು ಸಾವಿರಕ್ಕೂ ಹೆಚ್ಚು ಫೇಸ್‌ಬುಕ್ ಗುಂಪುಗಳ ನಿರ್ವಾಹಕರ ಮೇಲೆ ಅಮೆಜಾನ್ 2022ರ ಜುಲೈನಲ್ಲಿ ಮೊಕದ್ದಮೆ ಹೂಡಿತು.

ದೂರು ಸಲ್ಲಿಸುವ ಕ್ರಮ: ಕಲಬುರಗಿ ಜಿಲ್ಲೆಯ ನಿದರ್ಶನ

ಕಾನೂನಿನ ಬೆಲೆ ಅದು ದೂರದ ಊರಿನವರಿಗೆ ಎಷ್ಟು ಎಟಕುತ್ತದೆ ಎಂಬುದರಲ್ಲಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಇಲ್ಲಿ ನಿದರ್ಶನವಾಗಿ ನೋಡಬಹುದು. ಆಳಂದದ ವಿದ್ಯಾರ್ಥಿಯೊಬ್ಬರು ಸಾವಿರಾರು ಒಳ್ಳೆಯ ವಿಮರ್ಶೆಗಳನ್ನು ನಂಬಿ ಫೋನಿನ ಚಾರ್ಜರ್ ತರಿಸಿಕೊಂಡರೆನ್ನೋಣ; ಅದು ವಾರದಲ್ಲಿ ಸುಟ್ಟುಹೋಯಿತು. ವೇದಿಕೆಯ ಕಚೇರಿ ಇರುವುದು ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಮಾರಾಟಗಾರ ಇನ್ನೊಂದು ರಾಜ್ಯದಲ್ಲಿ. 1986ರ ಕಾಯ್ದೆಯ ಪ್ರಕಾರ ಎದುರುದಾರನು ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಉಂಟಾದಲ್ಲಿ ದೂರು ಕೊಡಬೇಕಿತ್ತು. 2019ರ ಕಾಯ್ದೆಯ ಕಲಂ 34, ದೂರುದಾರರು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೂ ದೂರು ಸಲ್ಲಿಸಲು ಅವಕಾಶ ಕೊಟ್ಟಿತು. ಆದ್ದರಿಂದ ಈ ವಿದ್ಯಾರ್ಥಿ ಸುಮಾರು 40 ಕಿಲೋಮೀಟರ್ ದೂರದ ಕಲಬುರಗಿಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋದರೆ ಸಾಕು. ಈ ಒಂದು ಬದಲಾವಣೆಯು ತಾಲ್ಲೂಕು ಕೇಂದ್ರಗಳ ಗ್ರಾಹಕರಿಗೆ, ದಂಡದ ಮೊತ್ತಗಳೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದೆ ಎನ್ನಬಹುದು.

ಪಾವತಿಸಿದ ಬೆಲೆ 50 ಲಕ್ಷ ರೂಪಾಯಿಗಳವರೆಗೆ ಇರುವ ವ್ಯಾಜ್ಯಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. 5 ಲಕ್ಷ ರೂಪಾಯಿಗಳವರೆಗೆ ದೂರಿನ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದೂರನ್ನು ಅಂತರ್ಜಾಲದ ಮೂಲಕವೇ ದಾಖಲಿಸಬಹುದು, ವಿಡಿಯೊ ಮೂಲಕ ವಿಚಾರಣೆ ನಡೆಸುವಂತೆ ಕೋರಬಹುದು. ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಆಯೋಗವು ಹಣ ಮರಳಿಸಲು, ಪರಿಹಾರ ನೀಡಲು, ಅನುಚಿತ ಪದ್ಧತಿಯನ್ನು ನಿಲ್ಲಿಸಲು, ತಪ್ಪನ್ನು ಸರಿಪಡಿಸುವ ಜಾಹೀರಾತು ಹೊರಡಿಸಲು ಆದೇಶಿಸಬಹುದು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಅಹವಾಲು ಹೇಳಿಕೊಳ್ಳಬಹುದು.

ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ದಾರಿ ಜಿಲ್ಲಾಧಿಕಾರಿಯದು. ಗ್ರಾಹಕರ ಹಕ್ಕುಗಳ ಉಲ್ಲಂಘನೆ, ಅನುಚಿತ ವ್ಯಾಪಾರ ಪದ್ಧತಿ ಮತ್ತು ದಿಕ್ಕು ತಪ್ಪಿಸುವ ಜಾಹೀರಾತಿನ ದೂರುಗಳನ್ನು ವಿಚಾರಿಸಿ ಪ್ರಾಧಿಕಾರಕ್ಕೆ ವರದಿ ಸಲ್ಲಿಸುವ ಅಧಿಕಾರವನ್ನು ಕಲಂ 16 ಅವರಿಗೆ ನೀಡುತ್ತದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬೇರೆಡೆಯ ಬೇಳೆಯನ್ನು ಆ ಹೆಸರಿನಲ್ಲಿ ಮಾರಿ, ಕಲಬುರಗಿಯದೇ ರುಚಿ ಎಂಬ ಕಟ್ಟು ವಿಮರ್ಶೆಗಳನ್ನು ಯಾರಾದರೂ ಜೋಡಿಸಿದರೆ ಮೋಸಹೋಗುವವರು ಕೊಂಡವರಷ್ಟೇ ಅಲ್ಲ, ಬೆಳೆದ ರೈತರೂ ಹೌದು. ರೈತರು ಅಲ್ಲಿ ಗ್ರಾಹಕರಲ್ಲದ ಕಾರಣ ಜಿಲ್ಲಾ ಆಯೋಗದ ಬಾಗಿಲು ಅವರಿಗೆ ತೆರೆಯುವುದಿಲ್ಲ; ಜಿಲ್ಲಾಧಿಕಾರಿ ಅಥವಾ ಪ್ರಾಧಿಕಾರಕ್ಕೆ ಬರೆಯುವುದು ಮತ್ತು 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಕ್ರಮ ಕೋರುವುದು ಅವರಿಗಿರುವ ಮಾರ್ಗ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಯಾತ್ರಿಕರು ಬರುತ್ತಾರೆ. ಅಂಥ ಊರುಗಳ ವಸತಿಗೃಹವನ್ನು ಫೋನಿನ ನಕ್ಷೆಯಲ್ಲಿ ಕಾಣುವ ನಕ್ಷತ್ರಗಳನ್ನು ನೋಡಿ ಆರಿಸುವುದು ಈಗ ಸಾಮಾನ್ಯ. ಕೋಣೆಯನ್ನು ಕಾಯ್ದಿರಿಸುವ ತಾಣದ ಮೂಲಕ ಹಣ ಕಟ್ಟಿದ್ದರೆ ಇ-ವಾಣಿಜ್ಯ ನಿಯಮಗಳು ಅನ್ವಯಿಸುತ್ತವೆ. ನಕ್ಷೆಯನ್ನು ನೋಡಿಕೊಂಡು ನೇರವಾಗಿ ಹೋಗಿ ಹಣ ಕೊಟ್ಟಿದ್ದರೆ, ನಕ್ಷೆಯ ಮೂಲಕ ಮಾರಾಟವೇ ನಡೆದಿಲ್ಲವಾದ್ದರಿಂದ, ಆ ನಿಯಮಗಳ ಆಸರೆ ಪಡೆಯುವುದು ಸುಲಭವಲ್ಲ; ಕಲಂ 2(47)ರ ಅನುಚಿತ ವ್ಯಾಪಾರ ಪದ್ಧತಿಯನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಸೊಲ್ಲಾಪುರದ ಯಾತ್ರಿಕರಾದರೆ ತಮ್ಮ ಜಿಲ್ಲೆಯಲ್ಲಿಯೇ ದೂರು ಕೊಡಬಹುದು.

ಎರಡೂ ಸಂದರ್ಭಗಳಲ್ಲಿ ಕಷ್ಟವಾಗುವುದು ಪುರಾವೆ. ವಸ್ತು ಕೆಟ್ಟದ್ದೆಂದು ತೋರಿಸುವುದು ಸುಲಭ. ವಿಮರ್ಶೆ ನಕಲಿಯೆಂದು ತೋರಿಸಲು ಬೇಕಾದ ಖಾತೆಯ ವಿವರಗಳು ವೇದಿಕೆಯ ಬಳಿ ಇರುತ್ತವೆ. ಹೀಗಾಗಿ ದೋಷಯುಕ್ತ ಸರಕು ಅಥವಾ ಸೇವೆಯ ಕೊರತೆಯನ್ನು ದೂರಿನ ಮುಖ್ಯ ಆಧಾರವಾಗಿಟ್ಟುಕೊಂಡು, ನಕಲಿ ವಿಮರ್ಶೆಯನ್ನು ಅದಕ್ಕೆ ಪೂರಕವಾಗಿ ಹೇಳುವುದು ಹೆಚ್ಚು ಗಟ್ಟಿಯಾದ ದಾರಿ. ಪುಟದ ಚಿತ್ರಗಳು, ಆಮಿಷದ ಚೀಟಿ, ಮಾರಾಟಗಾರನೊಡನೆ ನಡೆದ ಸಂದೇಶಗಳು, ರಸೀದಿ ಇವನ್ನು ದಿನಾಂಕ ಸಹಿತ ಉಳಿಸಿಕೊಂಡಿರಬೇಕು, ಏಕೆಂದರೆ ಅಂತರ್ಜಾಲದ ಪುಟ ಮರುದಿನವೇ ಬದಲಾಗಬಲ್ಲದು.

ವಿಮರ್ಶೆ ಬರೆಯುವ ‘ಕೆಲಸ’ದ ವಂಚನೆ

ನಕಲಿ ವಿಮರ್ಶೆಯ ಇನ್ನೊಂದು ಮುಖ ಪೊಲೀಸರ ಕಡತಗಳಲ್ಲಿದೆ. ಮನೆಯಲ್ಲಿಯೇ ಕುಳಿತು ದಿನಕ್ಕೆ ಇಷ್ಟು ಸಂಪಾದಿಸಿ ಎಂಬ ಸಂದೇಶ ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಮೂಲಕ ಬರುತ್ತದೆ. ನಕ್ಷೆಯಲ್ಲಿರುವ ಎರಡು ಮೂರು ಹೋಟೆಲುಗಳಿಗೆ ಐದು ನಕ್ಷತ್ರ ಕೊಡುವುದೇ ಕೆಲಸ. ನೂರು, ನೂರೈವತ್ತು ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ನಂಬಿಕೆ ಕುದುರಿದ ಮೇಲೆ ಮುಂಗಡ ಕಟ್ಟಬೇಕಾದ ‘ಟಾಸ್ಕ್’ಗಳು ಆರಂಭವಾಗುತ್ತವೆ. ಪರದೆಯ ಮೇಲೆ ಲಾಭ ಏರುತ್ತಲೇ ಹೋಗುತ್ತದೆ, ಹಣ ಮಾತ್ರ ಹಿಂದಕ್ಕೆ ಬರುವುದಿಲ್ಲ. ನಿರುದ್ಯೋಗಿ ಪದವೀಧರರು, ವಿದ್ಯಾರ್ಥಿಗಳು ಮತ್ತು ಗೃಹಿಣಿಯರು ಈ ಬಲೆಗೆ ಸಿಗುತ್ತಾರೆ. ಇಂಥ ಅರೆಕಾಲಿಕ ಕೆಲಸದ ವಂಚನೆಯಲ್ಲಿ ತೊಡಗಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು.

ಇಲ್ಲಿ ಅನ್ವಯಿಸುವುದು ಗ್ರಾಹಕ ಕಾನೂನಲ್ಲ, ಅಪರಾಧ ಕಾನೂನು: ಭಾರತೀಯ ನ್ಯಾಯ ಸಂಹಿತೆಯ ವಂಚನೆಯ ಕಲಂ 318 ಮತ್ತು ಸೋಗು ಹಾಕಿ ವಂಚಿಸುವುದಕ್ಕೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಡಿ. ಹಣ ಕಳೆದುಕೊಂಡ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿದರೆ, ಅದು ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಕರ್ನಾಟಕದಲ್ಲಿ ಇಂಥ ಪ್ರಕರಣಗಳನ್ನು ಜಿಲ್ಲೆಗಳ ಸೆನ್ ಪೊಲೀಸ್ ಠಾಣೆಗಳು ತನಿಖೆ ಮಾಡುತ್ತವೆ. ಕಮಿಷನ್ನಿನ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಬೇರೆಯವರ ಬಳಕೆಗೆ ಕೊಟ್ಟವರ ಸ್ಥಿತಿ ಇನ್ನೂ ಬಿಗಿಯಾದುದು. ಅವರು ಸಂತ್ರಸ್ತರ ಬದಲು ಆರೋಪಿಗಳ ಸಾಲಿನಲ್ಲಿ ನಿಲ್ಲಬೇಕಾಗಬಹುದು.

ಪ್ರಾಮಾಣಿಕ ವಿಮರ್ಶಕರ ರಕ್ಷಣೆ

ನಕಲಿ ವಿಮರ್ಶೆಯ ವಿರುದ್ಧದ ಕಾನೂನು ನಿಜವಾದ ಅಸಮಾಧಾನವನ್ನು ಅಡಗಿಸುವ ಅಸ್ತ್ರವೂ ಆಗಬಲ್ಲದು. ಕೆಟ್ಟ ವಿಮರ್ಶೆ ಕಂಡ ವ್ಯಾಪಾರಿ ಅದನ್ನು ನಕಲಿಯೆಂದು ದೂರಬಹುದು, ಮಾನನಷ್ಟದ ನೋಟಿಸ್ ಕಳುಹಿಸಬಹುದು. ಅಮೆರಿಕವು 2016ರಲ್ಲಿಯೇ ಪ್ರತ್ಯೇಕ ಕಾಯ್ದೆ ತಂದು, ಗ್ರಾಹಕರು ವಿಮರ್ಶೆ ಬರೆಯದಂತೆ ತಡೆಯುವ ಸಿದ್ಧ ಕರಾರುಗಳನ್ನು ಅನೂರ್ಜಿತಗೊಳಿಸಿದೆ. ಭಾರತದಲ್ಲಿ ಅಂಥ ಕಾಯ್ದೆ ಇಲ್ಲ. ಇಲ್ಲಿ ಬರೆದವರಿಗೆ ಇರುವ ಆಸರೆ ಎಂದರೆ ಮಾನನಷ್ಟವನ್ನು ಕುರಿತ ನ್ಯಾಯ ಸಂಹಿತೆಯ ಕಲಂ 356ರ ವಿನಾಯಿತಿಗಳು: ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಇತರರ ಒಳಿತಿಗಾಗಿ ಸದ್ಭಾವನೆಯಿಂದ ನೀಡಿದ ಎಚ್ಚರಿಕೆ ಮಾನನಷ್ಟವಾಗುವುದಿಲ್ಲ. ಹೀಗಾಗಿ ‘ಇವರು ಕಳ್ಳರು’ ಎಂಬ ಒಂದು ಸಾಲಿಗಿಂತ, ಯಾವ ದಿನ ಏನು ಕೊಂಡದ್ದು, ಎಷ್ಟು ಹಣ ಕೊಟ್ಟದ್ದು, ಏನು ಕೆಟ್ಟದ್ದು ಎಂದು ರಸೀದಿಯ ಆಧಾರದಿಂದ ಬರೆದ ನಾಲ್ಕು ಸಾಲುಗಳಿಗೆ ಈ ವಿನಾಯಿತಿಗಳ ರಕ್ಷಣೆ ದೊರೆಯುವ ಸಂಭವ ಹೆಚ್ಚು.